ಬಳ್ಳಾರಿಯ ಬೇಸಿಗೆಯಲ್ಲಿ ಟೈಟಾನಿಯಂ ಬಿಲ್ಲೆಗೆ ಲೇಪ ಬೆಳೆಸಿದ್ದು

ಸೊಂಟದ ಕೃತಕ ಕೀಲಿನ ಕಾಂಡಕ್ಕೆ ಮೂಳೆ ನೇರವಾಗಿ ಅಂಟಿ ಬೆಳೆಯಲಿ ಎಂದು ಲೋಹಕ್ಕೆ ಹೈಡ್ರಾಕ್ಸಿಅಪಟೈಟ್ ಎಂಬ ಕ್ಯಾಲ್ಸಿಯಂ ಫಾಸ್ಫೇಟಿನ ಲೇಪ ಕೊಡುತ್ತಾರೆ. ಮೂಳೆಯ ಖನಿಜ ಭಾಗವೂ ಇದೇ ಜಾತಿಯದು. (ಮುಂದೆ ಬಿಚ್ಚಿ ತೆಗೆಯಬೇಕಾದ ಪ್ಲೇಟು, ಸ್ಕ್ರೂಗಳಿಗೆ ಇಂಥ ಲೇಪ ಉಪದ್ರವವೇ ಸರಿ.) ಕಾರ್ಖಾನೆಗಳಲ್ಲಿ ಇದಕ್ಕೆ ಪುಡಿಯನ್ನು ಭಾರೀ ಕಾವಿನಲ್ಲಿ ಕರಗಿಸಿ ಎರಚುವ ಪ್ಲಾಸ್ಮಾ ಸ್ಪ್ರೇ ಯಂತ್ರವಿರುತ್ತದೆ. ನಮ್ಮ ಕಾಲೇಜಿನ ಪ್ರಯೋಗಾಲಯದಲ್ಲಿ ಅದಿಲ್ಲದ್ದರಿಂದ, ಕೊಕುಬೊ ಮತ್ತು ಸಂಗಡಿಗರು 1990ರಲ್ಲಿ ಪ್ರಕಟಿಸಿದ ಎಸ್‌ಬಿಎಫ್ (ದೇಹದ್ರವವನ್ನು ಅನುಕರಿಸುವ) ದ್ರಾವಣದ ದಾರಿ ಹಿಡಿದೆ. ರಕ್ತದ ಪ್ಲಾಸ್ಮಾದಲ್ಲಿರುವ ಲವಣಗಳು ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಇದರಲ್ಲಿರುತ್ತವೆ.

ಬಿಲ್ಲೆಗಳನ್ನು ಎಮರಿ ಕಾಗದದಿಂದ ಉಜ್ಜಿ, ಅಸಿಟೋನಿನಲ್ಲಿ ತೊಳೆದು, 5 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡಿನಲ್ಲಿ 60 ಡಿಗ್ರಿಯಲ್ಲಿ 24 ಗಂಟೆ ಇಟ್ಟು, ಬಳಿಕ 600 ಡಿಗ್ರಿಯ ಕುಲುಮೆಯಲ್ಲಿ ಒಂದು ಗಂಟೆ ಕಾಯಿಸಿದೆ. ಕ್ಷಾರ ಗಾಜನ್ನು ತಿನ್ನುವುದರಿಂದ ಪ್ಲಾಸ್ಟಿಕ್ ಡಬ್ಬಿಯೇ ಬೇಕು. ಹೀಗೆ ಮೇಲ್ಮೈಯಲ್ಲಿ ಸೋಡಿಯಂ ಟೈಟನೇಟ್ ಪದರ ಮೂಡುತ್ತದೆ. ಎಸ್‌ಬಿಎಫ್‌ಗೆ ಇಳಿಸಿದಾಗ ಅದರ ಸೋಡಿಯಂ ಹೊರಬಿದ್ದು, ಉಳಿದ ಮೈ ಮೊದಲು ಕ್ಯಾಲ್ಸಿಯಂ ಅಯಾನುಗಳನ್ನು, ಅನಂತರ ಫಾಸ್ಫೇಟನ್ನು ಸೆಳೆದುಕೊಂಡು ಅಪಟೈಟ್ ಬೆಳೆಸುತ್ತದೆ. ಹೋಲಿಕೆಗೆಂದು ಕ್ಷಾರದಲ್ಲಿ ಇಡದ ಒಂದು ಬಿಲ್ಲೆಯನ್ನೂ ಜೊತೆಗಿಟ್ಟಿದ್ದೆ.

ದ್ರಾವಣವನ್ನು 36.5 ಡಿಗ್ರಿಯಲ್ಲಿ ಇಡಬೇಕೆಂಬುದು ನಿಯಮ. ಏಪ್ರಿಲ್ ತಿಂಗಳು. ನಾಲ್ಕನೆಯ ದಿನ ಮುಚ್ಚಳ ತೆರೆದಾಗ ಬಿಲ್ಲೆಗಳು ಸುಣ್ಣ ಬಳಿದಂತೆ ಬೆಳ್ಳಗಾಗಿದ್ದವು. ಒಂದು ಗಳಿಗೆ ಹಿಗ್ಗಿದೆನಾದರೂ, ಕ್ಷಾರ ಕಾಣದ ಬಿಲ್ಲೆಯೂ ಅಷ್ಟೇ ಬೆಳ್ಳಗಿದ್ದುದನ್ನು ನೋಡಿ ಅನುಮಾನ ಬಂತು. ಸೆಲ್ಲೋ ಟೇಪು ಅಂಟಿಸಿ ಎಳೆದರೆ ಪುಡಿಯೆಲ್ಲ ಟೇಪಿಗೇ ಬಂದು, ಕೆಳಗಿನ ಲೋಹ ಹೊಳೆಯಿತು. ಲೇಪವೆಂದು ನಾನು ತಿಳಿದದ್ದು ದ್ರಾವಣದೊಳಗೇ ಒಡೆದು ಕೆಳಗೆ ಕೂತ ಗಸಿ. ಕಾರಣ ಥರ್ಮಾಮೀಟರಿನಲ್ಲಿತ್ತು: ಡಬ್ಬಿಗಳನ್ನಿಟ್ಟಿದ್ದ ವಾಟರ್ ಬಾತ್ ನೀರನ್ನು ಕಾಯಿಸಬಲ್ಲದೇ ಹೊರತು ತಂಪು ಮಾಡಲಾರದು, ಮಧ್ಯಾಹ್ನ ಕೋಣೆಯೇ 40 ಡಿಗ್ರಿ ದಾಟಿತ್ತು. ಉಷ್ಣಾಂಶ ಏರಿದಷ್ಟೂ ಕ್ಯಾಲ್ಸಿಯಂ ಫಾಸ್ಫೇಟ್ ಕರಗಿರಲು ಒಲ್ಲೆನ್ನುತ್ತದೆ.

ಜೀವಶಾಸ್ತ್ರ ವಿಭಾಗದವರನ್ನು ಕಾಡಿಬೇಡಿ ಅವರ ಬಿಒಡಿ ಇನ್‌ಕ್ಯುಬೇಟರಿನಲ್ಲಿ ಒಂದು ಖಾನೆ ಪಡೆದೆ; ಒಂದೇ ಉಷ್ಣಾಂಶ ಕಾಯುವ ಆ ಪೆಟ್ಟಿಗೆ ತಂಪನ್ನೂ ಕೊಡುತ್ತದೆ. ದ್ರಾವಣವನ್ನು ಬೆಳಗಿನ ಜಾವ ಹೊಸದಾಗಿ ಕಲಸಿ, ಪಿಎಚ್ 7.40ಕ್ಕೆ ತರುವ ಕೆಲಸವನ್ನು ಸರಿಯಾಗಿ 36.5 ಡಿಗ್ರಿಯಲ್ಲೇ ಮಾಡಿದೆ, ಏಕೆಂದರೆ ಪಿಎಚ್ ಕದಲದಂತೆ ದ್ರಾವಣಕ್ಕೆ ಬೆರೆಸುವ ಟ್ರಿಸ್ ಬಫರಿನ ಪಿಎಚ್ಚೇ ಉಷ್ಣಾಂಶದೊಡನೆ ಜಾರುತ್ತದೆ. ಎರಡು ದಿನಕ್ಕೊಮ್ಮೆ ದ್ರಾವಣ ಬದಲಿಸಿದೆ. ಕಿಂಚಿತ್ತು ಮಬ್ಬಾದರೂ ಚೆಲ್ಲಿದೆ.

ಎರಡು ವಾರದ ಬಳಿಕ ಕ್ಷಾರ ಕಂಡ ಬಿಲ್ಲೆಗಳ ಮೇಲೆ ಮಾತ್ರ ಮಾಸಲು ಬಿಳುಪಿನ ತೆಳು ಪದರ ಕೂತಿತ್ತು, ಟೇಪಿಗೆ ಬರಲಿಲ್ಲ. ಹೊರಗೆ ಕಳುಹಿಸಿ ತೆಗೆಸಿದ ಎಕ್ಸ್‌ಆರ್‌ಡಿಯಲ್ಲಿ (ಹರಳಿನ ಜಾತಿ ಗುರುತಿಸುವ ಎಕ್ಸ್-ಕಿರಣ ಪರೀಕ್ಷೆ) 25.9 ಮತ್ತು 31.8 ಡಿಗ್ರಿ ಕೋನಗಳ ಸುತ್ತ ಅಪಟೈಟಿನ ಶಿಖರಗಳು, ಅಗಲವಾಗಿಯೇ ಆದರೂ, ಕಂಡವು. ಟೇಪಿನ ಪರೀಕ್ಷೆ ಒರಟು ಪರೀಕ್ಷೆ. ಶಸ್ತ್ರಚಿಕಿತ್ಸೆಯ ಹೈಡ್ರಾಕ್ಸಿಅಪಟೈಟ್ ಲೇಪ ಕನಿಷ್ಠ 15 ಮೆಗಾಪಾಸ್ಕಲ್ ಎಳೆತ ತಾಳಬೇಕೆಂದು ಅಂತರರಾಷ್ಟ್ರೀಯ ಮಾನಕ ಐಎಸ್‌ಒ 13779 ಕೇಳುತ್ತದೆ. ಆ ಪರೀಕ್ಷೆಗೆ ಬೇಕಾದ ಅಳತೆಯ ಬಿಲ್ಲೆಗಳನ್ನು ಈಗ ಲೇತಿನಲ್ಲಿ ಕತ್ತರಿಸುತ್ತಿದ್ದೇವೆ.