ಫ್ಯೂಯಲ್ ಪಂಪ್ ಹತ್ತಿರ ನೀಲಿ ಕಲೆ ಕಂಡರೆ

ಅಮೆರಿಕದಲ್ಲಿ ಸ್ವಂತ ವಿಮಾನ ಕಟ್ಟಿ ಹಾರಿಸುವ ಗೆಳೆಯರಿಗೆ ಒಂದು ಸಣ್ಣ ವಿಷಯ. ಹೋದ ವಾರ ಕೌಲಿಂಗ್ (ಇಂಜಿನ್ ಮೇಲಿನ ಮುಚ್ಚಳ) ಬಿಚ್ಚಿದಾಗ ಇಂಜಿನ್ನಿನ ಫ್ಯೂಯಲ್ ಪಂಪ್ ಕೆಳಗೆ ತೆಳುವಾದ ನೀಲಿ ಕಲೆ ಕಂಡಿತು. ವಿಮಾನದ ಪೆಟ್ರೋಲ್ ಆದ 100ಎಲ್‌ಎಲ್‌ಗೆ ನೀಲಿ ಬಣ್ಣ ಹಾಕಿರುತ್ತಾರಲ್ಲ, ಪೆಟ್ರೋಲ್ ಆರಿಹೋದರೂ ಅದರ ಗುರುತು ಉಳಿಯುತ್ತದೆ.

ಸುಮ್ನೆ ಸ್ಪ್ಯಾನರ್ ಹಾಕಿ ಬಿಗಿ ಮಾಡಬೇಡಿ. ಜಾಗ ಒರೆಸಿ. ಮಿಕ್ಸ್‌ಚರ್ ಹಿಡಿ ಪೂರ್ತಿ ಹಿಂದಕ್ಕೆಳೆದು (ಇಂಜಿನ್ನಿಗೆ ಇಂಧನ ಹೋಗದ ಹಾಗೆ), ಇಂಜಿನ್ ಸ್ಟಾರ್ಟ್ ಮಾಡದೆ ಬೂಸ್ಟ್ ಪಂಪ್ (ಕರೆಂಟಿನಿಂದ ಓಡುವ ಸಹಾಯಕ ಇಂಧನ ಪಂಪ್) ಮಾತ್ರ ಆನ್ ಮಾಡಿ. ಬಿಳಿ ಟಿಶ್ಯೂ ಒಂದೊಂದೇ ಜಾಯಿಂಟಿಗೆ ಒತ್ತಿ ನೋಡಿ, ನೀಲಿ ಆದರೆ ಸೋರಿಕೆ ಅಲ್ಲೇ. ಪಕ್ಕದಲ್ಲಿ ಅಗ್ನಿಶಾಮಕ ಇರಲಿ. ಪಂಪಿನ ಡ್ರೇನ್ ತೂತಿನಿಂದ ಪೆಟ್ರೋಲ್ ಬಂದರೆ ಒಳಗಿನ ಡಯಾಫ್ರಂ (ಪೆಟ್ರೋಲ್ ತಳ್ಳುವ ತೆಳು ಪರದೆ) ಹೋಗಿದೆ ಅಂತ ಅರ್ಥ. ಆಗ ರಿಪೇರಿ ಮಾತೇ ಬೇಡ, ಪಂಪ್ ಬದಲಿಸಿ.

ನನ್ನದು ಪೈಪ್ ಥ್ರೆಡ್ ಸೋರಿಕೆ. ಹಾಕುವಾಗ ಸೀಲಂಟ್ (ಸೋರದಂತೆ ಹಚ್ಚುವ ಅಂಟು) ಕಡಿಮೆ ಹಚ್ಚಿದ್ದೆ, ತಪ್ಪು ನನ್ನದೇ. ಇಂಧನದ ವಾಲ್ವ್ ಮುಚ್ಚಿ, ಬ್ಯಾಟರಿ ವೈರ್ ತೆಗೆದು, ಫಿಟ್ಟಿಂಗ್ ಬಿಚ್ಚಿ ಹಳೆಯದನ್ನೆಲ್ಲ ಕೆರೆದೆ. ಇಂಧನಕ್ಕೆ ಕರಗದ ಸೀಲಂಟನ್ನು ಮೊದಲ ಎರಡು ಸುತ್ತು ಬಿಟ್ಟು ಹಚ್ಚಿದೆ. ಟೆಫ್ಲಾನ್ ಟೇಪ್ ಬೇಡವೇ ಬೇಡ. ಅದರ ಚೂರು ಒಳಗೆ ಹೋಗಿ ಕಾರ್ಬ್ಯುರೇಟರ್‌ನಲ್ಲಿ ಕೂತರೆ ಗಾಳಿಯಲ್ಲೇ ಇಂಜಿನ್ ನಿಲ್ಲಬಹುದು. 37 ಡಿಗ್ರಿ ಫ್ಲೇರ್ ಜಾಯಿಂಟ್ (ಪೈಪಿನ ತುದಿಯನ್ನು ಕೋನಾಕಾರವಾಗಿ ಅಗಲಿಸಿದ್ದು) ಆದರೆ ಸೀಲಂಟೂ ಬೇಡ, ಲೋಹಕ್ಕೆ ಲೋಹ ಕೂತೇ ಅದು ಸೀಲ್ ಆಗುವುದು.

ಬಿಗಿ ಮಾಡುವಾಗ ಎರಡು ಸ್ಪ್ಯಾನರ್ ಬಳಸಿ: ಒಂದರಲ್ಲಿ ಫಿಟ್ಟಿಂಗ್ ಹಿಡಿದು, ಇನ್ನೊಂದರಲ್ಲಿ ನಟ್ ತಿರುಗಿಸಿ. ಜಾಸ್ತಿ ಜೋರು ಮಾಡಿದರೆ ಪಂಪಿನ ಬಾಡಿಯೇ ಬಿರುಕು ಬಿಡುತ್ತದೆ. ಆಮೇಲೆ ಮತ್ತೆ ಟಿಶ್ಯೂ ಪರೀಕ್ಷೆ, ನೆಲದ ಮೇಲೆ ಇಂಜಿನ್ ಓಡಿಸಿ ಇನ್ನೊಮ್ಮೆ. ಲಾಗ್‌ಬುಕ್‌ನಲ್ಲಿ ಬರೆಯುವುದು ಮರೆಯಬೇಡಿ.