ಎರಡನೆಯ ಸಂಪುಟದಲ್ಲಿ ವೈರಿಗಳ ಪ್ರೇಮ: ಕಥೆಯ ಓಟವನ್ನು ಹಿಡಿತದಲ್ಲಿಡುವ ಬಗೆ

ವೈರಿಗಳು ಪ್ರೇಮಿಗಳಾಗುವ ಫ್ಯಾಂಟಸಿ ಕಾದಂಬರಿಯ ಮೊದಲ ಸಂಪುಟವನ್ನು ದ್ವೇಷವೇ ಎಳೆದುಕೊಂಡು ಹೋಗುತ್ತದೆ. ಎರಡನೆಯದಕ್ಕೆ ಬರುವಷ್ಟರಲ್ಲಿ ಆ ದ್ವೇಷ ಬಹುಮಟ್ಟಿಗೆ ಕರಗಿರುತ್ತದೆ. ಆಗ ಕ್ಷುಲ್ಲಕ ತಪ್ಪುತಿಳಿವಳಿಕೆಯೊಂದನ್ನು ತಂದು ಇಬ್ಬರನ್ನೂ ಮತ್ತೆ ಜಗಳಕ್ಕೆ ಹಚ್ಚಿದರೆ ಅವರು ಅಲ್ಲಿಯವರೆಗೆ ಕಲಿತದ್ದೆಲ್ಲ ನೀರುಪಾಲಾಗುತ್ತದೆ. ಆದ್ದರಿಂದ ಬರೆಯಲು ಕೂರುವ ಮೊದಲು, ಪರಸ್ಪರ ದ್ವೇಷವಿಲ್ಲದಿದ್ದರೂ ಇವರಿಬ್ಬರ ಹಿತಾಸಕ್ತಿಗಳು ಎಲ್ಲಿ ಎದುರುಬದುರಾಗುತ್ತವೆ ಎಂಬುದನ್ನು ನಿರ್ಧರಿಸಿಕೊಳ್ಳಬೇಕು.

ಇದಕ್ಕೆ ಲೇಖಕಿ ಹಾಲಿ ಬ್ಲ್ಯಾಕ್ ಅವರ ಫ್ಯಾಂಟಸಿ ಸರಣಿಯ ಎರಡನೆಯ ಸಂಪುಟ ‘ದಿ ವಿಕೆಡ್ ಕಿಂಗ್’ (2019) ಒಳ್ಳೆಯ ಮಾದರಿ. ಹಿಂದಿನ ವರ್ಷ ಬಂದ ಮೊದಲ ಸಂಪುಟದ ಕೊನೆಯಲ್ಲಿ ಮನುಷ್ಯಕುಲದ ಜೂಡ್, ಒಂದು ವರ್ಷ ಒಂದು ದಿನ ತನ್ನ ಆಜ್ಞೆಯಂತೆ ನಡೆಯುವ ವಚನವನ್ನು ಕಿನ್ನರಲೋಕದ ರಾಜಕುಮಾರ ಕಾರ್ಡನ್‌ನಿಂದ ಪಡೆದು, ಅವನಿಗೆ ಬೇಡವಾಗಿದ್ದ ಸಿಂಹಾಸನದ ಮೇಲೆ ಅವನನ್ನು ಕೂರಿಸುತ್ತಾಳೆ. ಎರಡನೆಯ ಸಂಪುಟದುದ್ದಕ್ಕೂ ಆ ಗಡುವು ಸವೆಯುತ್ತದೆ. ಅವನು ಅವಳ ಆಜ್ಞೆಗೆ ಕಟ್ಟುಬಿದ್ದಿರುವವರೆಗೆ ಅವರ ನಡುವಿನ ಸಲುಗೆಯಲ್ಲಿ ಅನುಮಾನ ಉಳಿದೇ ಇರುತ್ತದೆ. ಅವನನ್ನು ಬಿಡುಗಡೆ ಮಾಡಿದರೆ ಅಧಿಕಾರ ಕೈಜಾರುತ್ತದೆ. ಅದು ಹೇಗೆ ಮುಗಿಯುತ್ತದೆಂದು ಹೇಳಿದರೆ ಓದದವರಿಗೆ ಅನ್ಯಾಯವಾದೀತು. ಗಮನಿಸಬೇಕಾದದ್ದು ಇಷ್ಟೇ: ರಾಜಕಾರಣವನ್ನೂ ಪ್ರೇಮವನ್ನೂ ಒಂದೇ ವಚನ ಮುಂದಕ್ಕೆ ನೂಕುತ್ತದೆ.

ನಿಮ್ಮ ಹಸ್ತಪ್ರತಿಯಲ್ಲಿ ಇದನ್ನು ಪರೀಕ್ಷಿಸಲು ಹಾಳೆಯೊಂದರಲ್ಲಿ ಎರಡು ಕಾಲಂ ಹಾಕಿ, ಪ್ರತಿ ಅಧ್ಯಾಯದಲ್ಲಿ ರಾಜ್ಯದ ಸ್ಥಿತಿ ಏನು ಬದಲಾಯಿತು, ಇಬ್ಬರ ಸಂಬಂಧದಲ್ಲಿ ಏನು ಬದಲಾಯಿತು ಎಂದು ಬರೆಯಿರಿ. ಒಂದು ಕಾಲಂ ಸತತವಾಗಿ ಮೂರ್ನಾಲ್ಕು ಅಧ್ಯಾಯ ಖಾಲಿ ಉಳಿದರೆ ಓಟ ಅಲ್ಲಿಯೇ ಕುಂಟುತ್ತಿದೆ ಎಂದರ್ಥ. ಅಂಥ ಕಡೆ ಹೊಸ ದೃಶ್ಯ ಸೇರಿಸುವ ಬದಲು, ಇರುವ ದೃಶ್ಯಕ್ಕೇ ಎರಡನೆಯ ಕೆಲಸವನ್ನೂ ವಹಿಸುವುದು ಮೇಲು.

ಉದಾಹರಣೆಗೆ, ಇಬ್ಬರೂ ಒಂದೇ ಡೇರೆಯಲ್ಲಿರುವ ರಾತ್ರಿ ಅವನ ಸೈನ್ಯದಿಂದ ಮೊಹರು ಹಾಕಿದ ಓಲೆ ಬರುತ್ತದೆ. ಅವನು ಓದಿ, ದೀಪಕ್ಕೆ ಹಿಡಿದು ಸುಟ್ಟು, “ಏನೂ ವಿಶೇಷವಿಲ್ಲ, ಮಲಗು” ಎನ್ನುತ್ತಾನೆ. ಅವಳು ಏನನ್ನೂ ಕೇಳುವುದಿಲ್ಲ; ಅವನಿಗೆ ನಿದ್ದೆ ಹತ್ತಿದ ಮೇಲೆ ಹೊರಗೆ ಹೋಗಿ ಕಾವಲುಗಾರರನ್ನು ಬದಲಾಯಿಸಿ ಬಂದು ಮತ್ತೆ ಅವನ ಪಕ್ಕದಲ್ಲೇ ಮಲಗುತ್ತಾಳೆ. ಒಲವು ಕಡಿಮೆಯಾಗಿಲ್ಲ, ಯುದ್ಧವೂ ನಿಂತಿಲ್ಲ. ಗಾಯಕ್ಕೆ ಪಟ್ಟಿ ಕಟ್ಟುವ ಸವಕಲು ದೃಶ್ಯಕ್ಕಿಂತ ಇದು ನನಗೆ ಹೆಚ್ಚು ಇಷ್ಟ.

ಮೊದಲ ಮುತ್ತು ಹಿಂದಿನ ಸಂಪುಟದಲ್ಲೇ ಆಗಿಹೋಗಿದ್ದರೆ ಈ ಸಂಪುಟದ ಶಿಖರ ಬೇರೆಯಾಗಬೇಕು: ಸೈನ್ಯದ ಗುಟ್ಟನ್ನು ತಾನಾಗಿ ಬಿಟ್ಟುಕೊಡುವುದು, ಹಳೆಯ ಕೊಲೆಯೊಂದಕ್ಕೆ ಕ್ಷಮೆ ಕೇಳುವುದು, ಆ ಕ್ಷಮೆ ಸಿಗದೆ ಹೋಗುವುದು. ಇಂಥದ್ದನ್ನು ಮುಕ್ಕಾಲು ಭಾಗಕ್ಕಿಂತ ಮೊದಲೇ ಖರ್ಚು ಮಾಡಬೇಡಿ. ಮಾಡಲೇಬೇಕಾದರೆ ಮುಂದಿನ ಅಧ್ಯಾಯದಲ್ಲೇ ಅದರ ಬೆಲೆಯನ್ನು ಯುದ್ಧಭೂಮಿಯಲ್ಲಿ ವಸೂಲು ಮಾಡಿ. ಹಿಂದಿನ ಕಥೆಯ ಸಾರಾಂಶಕ್ಕೆಂದು ಪ್ರತ್ಯೇಕ ಅಧ್ಯಾಯ ಬೇಡ, ಇಬ್ಬರ ವಾಗ್ವಾದದಲ್ಲಿ ಅದು ತಾನಾಗಿ ಹೊರಬರುತ್ತದೆ. ಮೂರನೆಯ ಸಂಪುಟವೂ ಇದ್ದರೆ ಸಿಂಹಾಸನದ ಪ್ರಶ್ನೆಯನ್ನು ಬಾಕಿ ಉಳಿಸಬಹುದು, ಆದರೆ ಗಳಿಸಿದ ನಂಬಿಕೆಯನ್ನು ಕಾರಣವಿಲ್ಲದೆ ಅಳಿಸಿಹಾಕಬಾರದು.