ಕ್ರೋಮಿಯಂ 19.6, ಕ್ರೋಮಿಯಂ 20.4

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ವಾಲ್ವ್ ಮಾಡುವ ಒಂದು ಸಣ್ಣ ಕಂಪನಿ. ಅಲ್ಲಿ ಎಕ್ಸ್‌ಪೋರ್ಟ್ ಕಾಗದಪತ್ರ ನೋಡಿಕೊಳ್ಳುವವಳು ನಾನು. ನಮ್ಮೂರು ಬೆಳಗಾವಿ. ನಮಗೆ ಕ್ಯಾಸ್ಟಿಂಗ್ (ಎರಕ ಹೊಯ್ದ ಭಾಗ) ಬರುವುದೂ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯಿಂದಲೇ. ಹಾಗಾಗಿ ಆಫೀಸಿನಲ್ಲಿ ದಿನಕ್ಕೆ ಒಂದೆರಡು ಸಲವಾದರೂ ಫೋನಿನಲ್ಲಿ ಕನ್ನಡ ಮಾತಾಡುತ್ತೇನೆ. ಅಂಥ ಒಂದು ಫೋನೂ ಈ ಬರಹದ ಮುಖ್ಯ ವಿಷಯದಲ್ಲಿ ಬರುತ್ತದೆ: ನಮ್ಮ ವಾಲ್ವ್ ಹೊರದೇಶಕ್ಕೆ ಕಳಿಸಲು ಸರ್ಕಾರದ ಅನುಮತಿ ಬೇಕೋ ಬೇಡವೋ ಅನ್ನುವುದು.

ಎಷ್ಟೋ ವರ್ಷ ನಾನು ಪ್ರತಿ ಇನ್‌ವಾಯ್ಸ್ ಜೊತೆ ಒಂದು ಪತ್ರ ಕೊಡುತ್ತಿದ್ದೆ. ‘ಈ ಸರಕು ಸ್ಕೋಮೆಟ್ ಪಟ್ಟಿಯಲ್ಲಿ ಬರುವುದಿಲ್ಲ’ ಅಂತ. ಕ್ಲಿಯರಿಂಗ್ ಏಜೆಂಟ್ ಕೇಳುತ್ತಿದ್ದರು, ನಾನು ಲೆಟರ್‌ಹೆಡ್ ಮೇಲೆ ಪ್ರಿಂಟ್ ತೆಗೆದು ಸಹಿ ಮಾಡಿಸುತ್ತಿದ್ದೆ. ಸ್ಕೋಮೆಟ್ ಅಂದರೆ ದೇಶದಿಂದ ಹೊರಗೆ ಕಳಿಸಲು ಮೊದಲೇ ಅನುಮತಿ ಬೇಕಾದ ರಾಸಾಯನಿಕ, ಜೀವಾಣು, ಸಾಮಗ್ರಿ, ಯಂತ್ರ ಮತ್ತು ತಂತ್ರಜ್ಞಾನಗಳ ಪಟ್ಟಿ. ಇದನ್ನು ಹೊರಡಿಸುವುದು ಡಿಜಿಎಫ್‌ಟಿ, ಅಂದರೆ ಕೇಂದ್ರ ಸರ್ಕಾರದ ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ. ಅದರಲ್ಲಿ ರಾಕೆಟ್, ಅಣುಶಕ್ತಿ, ವಿಷಾನಿಲ ಇರುತ್ತವೆ, ನಮ್ಮ ವಾಲ್ವ್‌ಗೂ ಅದಕ್ಕೂ ಏನು ಸಂಬಂಧ ಅಂತ ಅಂದುಕೊಂಡಿದ್ದೆ. ನಮ್ಮ ಕಸ್ಟಮ್ಸ್ ಕೋಡ್ 8481. ನಲ್ಲಿ, ಕಾಕ್, ವಾಲ್ವ್ ಎಲ್ಲ ಅದರಲ್ಲೇ ಬರುತ್ತವೆ. ಅಷ್ಟು ಸಾಕು ಅನ್ನಿಸಿತ್ತು.

ಸಾಕಾಗುವುದಿಲ್ಲ. ಕಸ್ಟಮ್ಸ್ ಕೋಡ್ ವಸ್ತು ಯಾವುದು ಅಂತ ಹೇಳುತ್ತದೆ. ಸ್ಕೋಮೆಟ್ ಪಟ್ಟಿ ಅದು ಯಾವ ಲೋಹದ್ದು, ಎಷ್ಟು ದೊಡ್ಡದು, ಒಳಗಿನ ಯಾವ ಭಾಗಕ್ಕೆ ರಾಸಾಯನಿಕ ತಾಗುತ್ತದೆ ಅಂತ ಕೇಳುತ್ತದೆ.

ವಿಯೆಟ್ನಾಂನಿಂದ ಒಂದು ಆರ್ಡರ್ ಬಂತು. ಅದರಲ್ಲಿ ಮೂರು ಬಗೆ ಇತ್ತು. ಮಾಮೂಲಿ ಸ್ಟೇನ್‌ಲೆಸ್ ಸ್ಟೀಲಿನ ಎರಡು ಇಂಚಿನ ಬಾಲ್ ವಾಲ್ವ್, ಅಲಾಯ್ 20ರ ಒಂದೂವರೆ ಇಂಚಿನ ಬಾಲ್ ವಾಲ್ವ್, ಆಮೇಲೆ ಸ್ಯಾಂಪಲ್ ತೆಗೆಯುವ ಸಣ್ಣ ವಾಲ್ವ್, ಅದೂ ಅಲಾಯ್ 20ರದ್ದೇ. ಅಲಾಯ್ 20 ಅಂದರೆ ನಿಕಲ್, ಕ್ರೋಮಿಯಂ ಹೆಚ್ಚಿರುವ ಮಿಶ್ರಲೋಹ, ನಮ್ಮಲ್ಲಿ ಸಲ್ಫ್ಯೂರಿಕ್ ಆಸಿಡ್ ಲೈನಿಗೆ ಹೋಗುತ್ತದೆ. ಅಲ್ಲಿಯವರೆಗೆ ದೇಶದೊಳಗೆ ಮಾತ್ರ ಮಾರಿದ್ದೆವು. ಮೊದಲ ಸಲ ಹೊರಗೆ ಹೋಗುತ್ತಿದೆ, ಒಮ್ಮೆ ಓದಿ ನೋಡೋಣ ಅಂತ ಪಟ್ಟಿಯ ಮೂರನೇ ವರ್ಗ ತೆರೆದೆ. ರಾಸಾಯನಿಕ ಕಾರ್ಖಾನೆಯ ಉಪಕರಣಗಳು ಅಲ್ಲಿವೆ. ರಿಯಾಕ್ಟರ್, ಹೀಟ್ ಎಕ್ಸ್‌ಚೇಂಜರ್, ಪಂಪ್, ಮತ್ತೆ ವಾಲ್ವ್.

ಅಲ್ಲಿ ವಾಲ್ವ್ ಯಾಕಿದೆ? ಇರಾನ್–ಇರಾಕ್ ಯುದ್ಧದಲ್ಲಿ ಇರಾಕ್ ರಾಸಾಯನಿಕ ಅಸ್ತ್ರ ಬಳಸಿತು. ಅದಕ್ಕೆ ಬೇಕಾದ ಸಾಮಗ್ರಿಯಲ್ಲಿ ಒಂದಷ್ಟು ಮಾಮೂಲಿ ವ್ಯಾಪಾರದ ದಾರಿಯಲ್ಲೇ ಬೇರೆ ದೇಶಗಳಿಂದ ಹೋಗಿತ್ತು. ಅದಾದ ಮೇಲೆ 1985ರಲ್ಲಿ ಕೆಲವು ದೇಶಗಳು ಸೇರಿ ಆಸ್ಟ್ರೇಲಿಯಾ ಗ್ರೂಪ್ ಕಟ್ಟಿಕೊಂಡವು. ಭಾರತ ಅದಕ್ಕೆ ಸೇರಿದ್ದು 2018ರ ಜನವರಿಯಲ್ಲಿ. ನಮ್ಮ ಪಟ್ಟಿಯ ಈ ಭಾಗ ಅವರ ಪಟ್ಟಿಗೆ ಹೊಂದಿಕೊಂಡೇ ಇದೆ. ನರಗಳಿಗೆ ಹೊಡೆಯುವ ಆ ವಿಷಗಳನ್ನು ಮಾಡುವಾಗ ತುಂಬಾ ತೀಕ್ಷ್ಣವಾದ ಆಸಿಡ್‌ಗಳು ಬರುತ್ತವೆ. ಸಾಧಾರಣ ಉಕ್ಕು ತಿಂದುಹೋಗುತ್ತದೆ. ತಡೆದುಕೊಳ್ಳುವ ಲೋಹ ಬೇಕು. ಅಂದರೆ ನಾವು ಒಳ್ಳೆಯ ಗುಣ ಅಂತ ಕ್ಯಾಟಲಾಗ್‌ನಲ್ಲಿ ಹೆಮ್ಮೆಯಿಂದ ಬರೆಯುವುದೇ ಅಲ್ಲಿ ಎಚ್ಚರಿಕೆಯ ಕಾರಣ. ಇದು ತಿಳಿದ ದಿನ ನನಗೆ ಹಳೆಯ ಪತ್ರಗಳ ನೆನಪಾಗಿ ಮನಸ್ಸು ಭಾರವಾಯಿತು. ಹಳೆಯ ಫೈಲುಗಳನ್ನೆಲ್ಲ ತೆಗೆದು ನೋಡಿದೆ. ಹೊರಗೆ ಹೋಗಿದ್ದೆಲ್ಲ ಮಾಮೂಲಿ ಸ್ಟೇನ್‌ಲೆಸ್ ಸ್ಟೀಲ್. ಆಗ ಉಸಿರು ಬಿಟ್ಟೆ.

ಈಗ ಆರ್ಡರಿನ ಒಂದೊಂದೇ ವಾಲ್ವ್.

ಮೊದಲು ಸ್ಟೇನ್‌ಲೆಸ್ ಸ್ಟೀಲಿನದು. ಬಾಡಿ ಸಿಎಫ್8ಎಂ ಎಂಬ ಗ್ರೇಡಿನದು, ನಿಕಲ್ 9ರಿಂದ 12 ಶೇಕಡಾ. ಪಟ್ಟಿ ಕೇಳುವುದು ಶೇ. 25ಕ್ಕಿಂತ ಹೆಚ್ಚು ನಿಕಲ್ ಜೊತೆಗೆ ಶೇ. 20ಕ್ಕಿಂತ ಹೆಚ್ಚು ಕ್ರೋಮಿಯಂ, ಇಲ್ಲವೇ ಶೇ. 40ಕ್ಕಿಂತ ಹೆಚ್ಚು ನಿಕಲ್. ಇದು ಹತ್ತಿರವೂ ಇಲ್ಲ. ಆದರೆ ಒಳಗೆ ಬಾಲ್ ಒತ್ತಿ ಕೂರುವ ಉಂಗುರ, ಅಂದರೆ ಸೀಟ್, ಪಿಟಿಎಫ್‌ಇ (ಟೆಫ್ಲಾನ್). ಪಟ್ಟಿಯಲ್ಲಿ ಫ್ಲೋರೋಪಾಲಿಮರ್ ಅಂತಲೂ ಇದೆ, ತೂಕದಲ್ಲಿ ಶೇ. 35ಕ್ಕಿಂತ ಜಾಸ್ತಿ ಫ್ಲೋರಿನ್ ಇರುವ ಪ್ಲಾಸ್ಟಿಕ್ ಅಥವಾ ರಬ್ಬರ್. ಪಿಟಿಎಫ್‌ಇಯಲ್ಲಿ ಸುಮಾರು ಶೇ. 76 ಇರುತ್ತದೆ. ಎರಡು ದಿನ ನನಗೆ ಇದೇ ತಲೆಬಿಸಿ. ಎಷ್ಟೋ ಬಾಲ್ ವಾಲ್ವ್‌ಗಳಿಗೆ ಪಿಟಿಎಫ್‌ಇ ಸೀಟ್ ಇರುತ್ತದೆ ಅಲ್ವಾ, ಎಲ್ಲಕ್ಕೂ ಲೈಸೆನ್ಸ್ ಬೇಕಾ?

ಉತ್ತರ ಇದ್ದದ್ದು ಒಂದು ಪದದಲ್ಲಿ ಮತ್ತು ಒಂದು ಟಿಪ್ಪಣಿಯಲ್ಲಿ. ಪದ ‘ಎಲ್ಲಾ’. ರಾಸಾಯನಿಕ ನೇರವಾಗಿ ತಾಗುವ ಎಲ್ಲಾ ಮೇಲ್ಮೈಗಳೂ ಆ ಲೋಹಗಳಿಂದ ಅಥವಾ ಆ ಪ್ಲಾಸ್ಟಿಕ್‌ನಿಂದ ಆಗಿರಬೇಕು. ಟಿಪ್ಪಣಿ ಹೇಳುವುದು ಇಷ್ಟು: ಗ್ಯಾಸ್ಕೆಟ್, ಪ್ಯಾಕಿಂಗ್, ಸೀಲ್, ವಾಷರ್‌ನಂಥ ಸೋರಿಕೆ ತಡೆಯುವ ಭಾಗಗಳು ಬದಲಾಯಿಸಲು ಬರುವಂತಿದ್ದರೆ, ಅವು ಯಾವುದರಿಂದ ಆಗಿವೆ ಎಂಬುದರ ಮೇಲೆ ತೀರ್ಮಾನ ಆಗುವುದಿಲ್ಲ. ಬಾಡಿ ಆ ಲೋಹದ್ದಲ್ಲ, ಸೀಟ್ ಲೆಕ್ಕಕ್ಕಿಲ್ಲ, ಹಾಗಾಗಿ ಈ ವಾಲ್ವ್ ಪಟ್ಟಿಯಲ್ಲಿ ಇಲ್ಲ. ಟಿಪ್ಪಣಿ ಓದದೆ ಬರೀ ಮುಖ್ಯ ಸಾಲು ಓದುವವರು ಇಲ್ಲಿ ಸುಮ್ನೆ ಹೆದರಿಕೊಳ್ಳುತ್ತಾರೆ. ಮುಖ್ಯ ಸಾಲನ್ನೂ ಅವಸರದಲ್ಲಿ ಓದುವವರು ಹೆದರಬೇಕಾದ ಕಡೆ ಹೆದರುವುದಿಲ್ಲ.

ಸ್ಯಾಂಪಲ್ ವಾಲ್ವ್ ಬೇಗ ಮುಗಿಯಿತು. ಒಳಬಾಯಿ ಒಂದು ಇಂಚು, ಹೊರಬಾಯಿ ಕಾಲು ಇಂಚು. ಪಟ್ಟಿ ಹಿಡಿಯುವುದು 10 ಮಿಲಿಮೀಟರ್‌ಗಿಂತ ದೊಡ್ಡ ಸೈಜ್. ಯಾವ ಬಾಯಿಯ ಸೈಜ್? ವ್ಯಾಖ್ಯೆಯಲ್ಲೇ ಬರೆದಿದೆ: ಎರಡರಲ್ಲಿ ಚಿಕ್ಕದು. ಹಾಗಾಗಿ ಹೊರಗೆ.

ಉಳಿದದ್ದು ಅಲಾಯ್ 20ರ ಒಂದೂವರೆ ಇಂಚಿನ ವಾಲ್ವ್. ಇದರ ಕ್ಯಾಸ್ಟಿಂಗ್ ಗ್ರೇಡ್ ಸಿಎನ್7ಎಂ. ನಿಕಲ್ 27.5ರಿಂದ 30.5, ಅಂದರೆ 25 ದಾಟಿಯೇ ಇರುತ್ತದೆ. ಕ್ರೋಮಿಯಂ 19ರಿಂದ 22. ನಿಯಮದ ಗೆರೆ 20. ಗ್ರೇಡಿನ ಹೊಟ್ಟೆಯೊಳಗಿಂದಲೇ ಗೆರೆ ಹಾದುಹೋಗಿದೆ!

ಆ ಆರ್ಡರಿನ ಕ್ಯಾಸ್ಟಿಂಗ್ ಎರಡು ಹೀಟ್‌ನಲ್ಲಿ, ಅಂದರೆ ಎರಡು ಸಲ ಕರಗಿಸಿದ ಲೋಹದಲ್ಲಿ, ಬಂದಿತ್ತು. ಟೆಸ್ಟ್ ಸರ್ಟಿಫಿಕೇಟ್ ತೆಗೆದು ನೋಡಿದೆ. ಒಂದರಲ್ಲಿ ಕ್ರೋಮಿಯಂ 19.6. ಇನ್ನೊಂದರಲ್ಲಿ 20.4. ಫೌಂಡ್ರಿಗೆ ಫೋನ್ ಮಾಡಿದೆ.

“ಎರಡೂ ಸ್ಪೆಕ್‌ನಾಗ ಅದಾವಲ್ರಿ ಅಕ್ಕಾರ, ರಿಜೆಕ್ಟ್ ಯಾಕ್ ಮಾಡ್ತೀರಿ?” ಅಂದರು ಅವರು.

“ರಿಜೆಕ್ಟ್ ಮಾಡಾಕತ್ತಿಲ್ರಿ. ಒಂದು ಹೀಟ್‌ನ ವಾಲ್ವಿಗೆ ಸರ್ಕಾರದ ಪರ್ಮಿಷನ್ ಬೇಕು, ಇನ್ನೊಂದಕ್ಕ ಬ್ಯಾಡ ಅನ್ನೂಹಂಗ ಆಗೇತ್ರಿ.”

ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ, “ನಲ್ವತ್ತು ವರ್ಷ ಆತು ಕರಗಸಾಕತ್ತು, ಹಿಂಗ ಯಾರೂ ಕೇಳಿಲ್ರಿ” ಅಂದರು.

ಡ್ರಾಯಿಂಗ್ ಒಂದೇ, ಪಾರ್ಟ್ ನಂಬರ್ ಒಂದೇ, ಬೆಲೆ ಒಂದೇ, ಉತ್ತರ ಮಾತ್ರ ಎರಡು. ನಮ್ಮ ಡಿಸೈನ್ ಹುಡುಗ ಒಂದು ಉಪಾಯ ಹೇಳಿದ. ಬಾಲ್ ಮಾತ್ರ ಮಾಮೂಲಿ ಸ್ಟೇನ್‌ಲೆಸ್ ಸ್ಟೀಲಿನದು ಹಾಕೋಣ, ಆಗ ‘ಎಲ್ಲಾ ಮೇಲ್ಮೈ’ ಅನ್ನುವ ಷರತ್ತು ಮುರಿಯುತ್ತದೆ ಅಂತ. ಅವನು ಚುರುಕು. ಆದರೆ ಪಟ್ಟಿ ಬರೆದವರು ಅದನ್ನೂ ಯೋಚಿಸಿದ್ದಾರೆ. ಮುಂದಿನ ಉಪಸಾಲಿನಲ್ಲಿ ಒಂದರಿಂದ ನಾಲ್ಕು ಇಂಚಿನ ವಾಲ್ವ್‌ಗಳಿಗೆ ಬೇರೆ ಮಾತಿದೆ. ಮುಚ್ಚುವ ಭಾಗ (ನಮ್ಮಲ್ಲಿ ಬಾಲ್) ಬದಲಾಯಿಸಲು ಬರುವಂತಿದ್ದರೆ ಬಾಡಿಯ ಒಳಮೈ ಒಂದೇ ಆ ಲೋಹದ್ದಾಗಿದ್ದರೂ ಸಾಕು, ವಾಲ್ವ್ ಪಟ್ಟಿಗೆ ಸೇರುತ್ತದೆ. ಯಾಕಂದರೆ ಅಲ್ಲಿಗೆ ತಲುಪಿದ ಮೇಲೆ ಬಾಲ್ ಬದಲಾಯಿಸುವುದು ಅರ್ಧ ಗಂಟೆಯ ಕೆಲಸ. ಬರೀ ಬಾಡಿಯನ್ನು ಬಿಡಿಭಾಗ ಅಂತ ಕಳಿಸಿದರೂ ಅದು ಪಟ್ಟಿಯಲ್ಲಿದೆ.

ಹೀಟ್ ಪ್ರಕಾರ ಬೇರೆ ಮಾಡಿ, 19.6ರದ್ದನ್ನು ಮಾತ್ರ ಕಳಿಸಬಹುದಿತ್ತು. ಕಾಗದದ ಮೇಲೆ ಅದು ಸರಿಯೇ. ನಾನು ಬೇಡ ಅಂದೆ. ಲೋಹದಲ್ಲಿ ಏನೆಷ್ಟಿದೆ ಅಂತ ಅಳೆಯುವ ಸ್ಪೆಕ್ಟ್ರೋ ಯಂತ್ರದ ಓದು ಅಲ್ಲಿ ಇಲ್ಲಿ ಸ್ವಲ್ಪ ಬದಲಾಗುತ್ತದೆ. ಬಂದರಿನಲ್ಲಿ ಯಾರಾದರೂ ಮತ್ತೆ ಟೆಸ್ಟ್ ಮಾಡಿ 20.1 ಅಂದರೆ, ನಾವು ಕೊಟ್ಟ ಪತ್ರ ಸುಳ್ಳಾಗುತ್ತದೆ. 1992ರ ವಿದೇಶಿ ವ್ಯಾಪಾರ ಕಾಯ್ದೆಯಲ್ಲಿ ಸರಕಿನ ಬೆಲೆಯ ಐದು ಪಟ್ಟಿನವರೆಗೆ ದಂಡ ಇದೆ. ದಂಡಕ್ಕಿಂತ ಹೆಚ್ಚಾಗಿ, ಗೆರೆಯ ಈಚೆ ಇದೆ ಅಂತ ದಶಮಾಂಶದ ಮೇಲೆ ವಾದ ಮಾಡುವುದು ನನಗೆ ಸರಿ ಕಾಣಲಿಲ್ಲ. ಮಾಲೀಕರ ಹತ್ತಿರ ಕೂತು ಮಾತಾಡಿದೆ. 10 ಮಿಲಿಮೀಟರ್ ದಾಟಿದ ಎಲ್ಲಾ ಸಿಎನ್7ಎಂ ವಾಲ್ವ್‌ಗಳನ್ನೂ, ಕ್ರೋಮಿಯಂ ಎಷ್ಟೇ ಬರಲಿ, ಪಟ್ಟಿಯಲ್ಲಿದೆ ಅಂತಲೇ ನೋಡುವುದು ಅಂತ ತೀರ್ಮಾನ ಆಯಿತು.

ಗಿರಾಕಿಗೆ ತಡವಾಗುತ್ತದೆ ಅಂತ ತಿಳಿಸಿದೆವು. ಅವರ ಲೆಟರ್‌ಹೆಡ್ ಮೇಲೆ ಅಂತಿಮ ಬಳಕೆಯ ಪ್ರಮಾಣಪತ್ರ ತರಿಸಿದೆ. ವಾಲ್ವ್ ಯಾವ ಕಾರ್ಖಾನೆಯ ಯಾವ ಲೈನಿಗೆ, ಯಾವ ಆಸಿಡ್‌ಗೆ, ಬೇರೆಯವರಿಗೆ ಮಾರುವುದಿಲ್ಲ ಎಂಬ ಮಾತು, ಎಲ್ಲಾ ಅದರಲ್ಲಿ. ಡಿಜಿಎಫ್‌ಟಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಿದೆ. ದೆಹಲಿಯಲ್ಲಿ ಹಲವು ಸಚಿವಾಲಯಗಳವರು ಕೂಡಿ ಇದನ್ನು ನೋಡುತ್ತಾರೆ. ಒಂದು ಸಲ ಪ್ರಶ್ನೆ ಬಂತು, ಕ್ಯಾಟಲಾಗ್ ಮತ್ತು ಲೋಹದ ವಿವರ ಕಳಿಸಿದೆ. ಅನುಮತಿ ಬಂತು. ಈ ದಾಖಲೆಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು.

ಇನ್ನೊಂದು ಮಾತು, ಇದನ್ನು ನಾನು ತಡವಾಗಿ ಕಲಿತೆ. ಪಟ್ಟಿಯಲ್ಲಿ ತಂತ್ರಜ್ಞಾನ ಎಂಬ ಪದಕ್ಕೂ ವ್ಯಾಖ್ಯೆ ಇದೆ. ಗಿರಾಕಿ ಡ್ರಾಯಿಂಗ್ ಕೇಳಿದಾಗ ನಾವು ಇಮೇಲ್‌ನಲ್ಲಿ ಕಳಿಸಿಬಿಡುತ್ತಿದ್ದೆವು. ಪೈಪಿಗೆ ಕೂರಿಸಲು ಬೇಕಾದ ಹೊರ ಅಳತೆಯ ಡ್ರಾಯಿಂಗ್ ಬೇರೆ, ವಾಲ್ವನ್ನೇ ಮಾಡಲು ಬರುವಂಥ ಮಷಿನಿಂಗ್ ಡ್ರಾಯಿಂಗ್ ಬೇರೆ. ಎರಡನೆಯದು ಇಮೇಲ್‌ನಲ್ಲಿ ಹೋದರೂ ರಫ್ತೇ. ಈಗ ಅಲಾಯ್ 20ರ ಮಷಿನಿಂಗ್ ಡ್ರಾಯಿಂಗ್ ಇರುವ ಫೋಲ್ಡರ್‌ಗೆ ಬೀಗ ಹಾಕಿದ್ದೇವೆ. ಪಟ್ಟಿಯ ಹೊರಗಿರುವ ವಾಲ್ವ್ ಆದರೂ, ಅದು ಸಾಮೂಹಿಕ ವಿನಾಶದ ಅಸ್ತ್ರದ ಕೆಲಸಕ್ಕೆ ಹೋಗುತ್ತಿದೆ ಅಂತ ಗೊತ್ತಿದ್ದರೆ ಅಂಥ ಅಸ್ತ್ರಗಳ ಬಗ್ಗೆಯೇ ಇರುವ 2005ರ ಕಾಯ್ದೆ ತಡೆಯುತ್ತದೆ. ಅದಕ್ಕೇ ಗಿರಾಕಿ ಯಾರು, ಏನು ಮಾಡುತ್ತಾರೆ ಅಂತ ಮಾಮೂಲಿ ವಾಲ್ವ್‌ಗೂ ಕೇಳುತ್ತೇನೆ.

ನಮ್ಮ ಸರಕುಗಳ ಕಂಪ್ಯೂಟರ್ ಪಟ್ಟಿಯಲ್ಲಿ (ಐಟಂ ಮಾಸ್ಟರ್) ಈಗ ನಾಲ್ಕು ಹೊಸ ಕಾಲಂ ಇವೆ: ಚಿಕ್ಕ ಬಾಯಿಯ ಸೈಜ್, ಬಾಡಿಯ ಒಳಮೈ, ಮುಚ್ಚುವ ಭಾಗದ ಲೋಹ, ತೀರ್ಮಾನ ಮಾಡಿದ ತಾರೀಕು. ಕೊನೆಯದು ಯಾಕೆ ಅಂದರೆ ಪಟ್ಟಿ ಆಗಾಗ ತಿದ್ದುಪಡಿ ಆಗುತ್ತದೆ, ಹಳೆಯ ಉತ್ತರ ಹಾಗೇ ಉಳಿಯುವುದಿಲ್ಲ. ಫೌಂಡ್ರಿಯವರು ಸಿಎನ್7ಎಂ ಕಳಿಸಿದಾಗ ಸರ್ಟಿಫಿಕೇಟ್‌ನಲ್ಲಿ ಕ್ರೋಮಿಯಂ ಸಾಲಿಗೆ ಕೆಂಪು ಪೆನ್ನಿನಲ್ಲಿ ಗೆರೆ ಎಳೆದು ಕಳಿಸುತ್ತಾರೆ. ನಾನು ಕೇಳಿರಲಿಲ್ಲ.